ಕಲ್ಲುಹವಳಕ್ಕೆ ಆಹಾರ: ಯಾವುದಕ್ಕೆ, ಎಷ್ಟು, ಹೇಗೆ?

ರೀಫ್ ಅಕ್ವೇರಿಯಂ, ಅಂದರೆ ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ, ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: "ಹವಳಕ್ಕೆ ಬೆಳಕು ಸಾಕಲ್ಲವೇ, ಆಹಾರವನ್ನೂ ಹಾಕಬೇಕೇ?" ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಹಾಕಿದೆ, ಗಾಜಿನ ತುಂಬ ಪಾಚಿ ಬಂತು, ಈಗೇನು ಮಾಡಲಿ?" ಎರಡಕ್ಕೂ ಒಟ್ಟಿಗೆ ಉತ್ತರ ಇಲ್ಲಿದೆ. ನಾನು ಕಂಡಂತೆ ಮನೆಯ ಟ್ಯಾಂಕುಗಳಲ್ಲಿ ಹಸಿವಿನಿಂದ ಸೊರಗುವ ಹವಳಗಳಿಗಿಂತ, ತಿನ್ನದೆ ಉಳಿದ ಆಹಾರ ಕೊಳೆತು ತೊಂದರೆಗೆ ಸಿಲುಕುವ ಹವಳಗಳೇ ಹೆಚ್ಚು. ಆದ್ದರಿಂದ ಹಾಕುವ ಕ್ರಮಕ್ಕೆ ಕೊಟ್ಟಷ್ಟೇ ಜಾಗವನ್ನು, ಹಾಕಿದ್ದನ್ನು ಹವಳ ನಿಜವಾಗಿ ನುಂಗಿತೇ ಎಂದು ನೋಡುವುದಕ್ಕೂ ಕೊಟ್ಟಿದ್ದೇನೆ.

ಮೊದಲು ಬೆಳಕಿನ ವಿಷಯ. ಕಲ್ಲುಹವಳ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಗಟ್ಟಿ ಅಸ್ಥಿಪಂಜರ ಕಟ್ಟಿಕೊಳ್ಳುವ ಹವಳ. ಅದರ ಒಂದೊಂದು ಜೀವಿಯನ್ನು ಪಾಲಿಪ್ ಎನ್ನುತ್ತಾರೆ. ಪಾಲಿಪ್‌ನ ನಡುವೆ ಒಂದು ಬಾಯಿ, ಸುತ್ತ ಗ್ರಹಣಾಂಗಗಳು, ಅಂದರೆ ಬೇಟೆ ಹಿಡಿಯುವ ಎಳೆಗಳು. ತಿನ್ನುವುದು, ತ್ಯಾಜ್ಯ ಹೊರಹಾಕುವುದು ಎರಡೂ ಅದೇ ಬಾಯಿಯಿಂದ. ಈ ಸಂಗತಿ ಮುಂದೆ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ. ಬಹುತೇಕ ಕಲ್ಲುಹವಳಗಳ ಅಂಗಾಂಶದೊಳಗೆ ಝೂಝಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬೆಳಕಿನಲ್ಲಿ ಸಕ್ಕರೆ ತಯಾರಿಸಿ ಹವಳಕ್ಕೆ ಕೊಡುತ್ತವೆ. ಒಳ್ಳೆಯ ಬೆಳಕಿದ್ದಲ್ಲಿ ಹವಳದ ದಿನನಿತ್ಯದ ಶಕ್ತಿಯ ಬಹುಪಾಲು ಬರುವುದು ಹೀಗೆಯೇ. ಆದರೆ ಸಕ್ಕರೆಯೊಂದರಿಂದಲೇ ಮೈ ಬೆಳೆಯದು. ಹೊಸ ಅಂಗಾಂಶಕ್ಕೆ ಸಾರಜನಕ, ರಂಜಕ, ಅಮೈನೊ ಆಮ್ಲ, ಕೊಬ್ಬಿನಾಮ್ಲಗಳು ಬೇಕು. ಸಮುದ್ರದಲ್ಲಿ ಇವು ಸಿಗುವುದು ಮುಖ್ಯವಾಗಿ ಪ್ರಾಣಿ ಪ್ಲವಕಗಳಿಂದ, ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳಿಂದ. ರಾತ್ರಿಯಾದೊಡನೆ ಪ್ಲವಕಗಳು ಆಳದಿಂದ ಮೇಲಕ್ಕೆ ಬರುತ್ತವೆ, ಹವಳಗಳು ಗ್ರಹಣಾಂಗ ಚಾಚಿ ಕಾಯುತ್ತವೆ. ನಮ್ಮ ಟ್ಯಾಂಕಿನಲ್ಲಿ ಇಲ್ಲದ್ದು ಈ ರಾತ್ರಿಯ ಊಟ.

ಹಾಗೆಂದು ಎಲ್ಲ ಹವಳಕ್ಕೂ ನೀವೇ ಉಣಿಸಬೇಕೆಂದಿಲ್ಲ. ಟ್ಯಾಂಕಿನಲ್ಲಿ ಮೀನುಗಳಿದ್ದು, ಅವುಗಳಿಗೆ ದಿನವೂ ಚೆನ್ನಾಗಿ ಆಹಾರ ಹಾಕುತ್ತಿದ್ದರೆ, ಮೀನಿನ ತ್ಯಾಜ್ಯ ಮತ್ತು ಆಹಾರದ ಪುಡಿಯಿಂದಲೇ ಎಷ್ಟೋ ಹವಳಗಳ ಅಗತ್ಯ ನೀಗುತ್ತದೆ. ನಿಮ್ಮ ಹವಳ ಆ ಪೈಕಿಯೇ ಅಲ್ಲವೇ ಎಂಬುದನ್ನು ತಿಳಿಯುವುದೇ ಮೊದಲ ಹಂತ.

ಹಂತ 1. ಹವಳದ ಗುಂಪು ಗುರುತಿಸಿ

ಹವ್ಯಾಸಿಗಳು ಕಲ್ಲುಹವಳಗಳನ್ನು ಎಲ್‌ಪಿಎಸ್, ಎಸ್‌ಪಿಎಸ್ ಎಂದು ವಿಂಗಡಿಸುತ್ತಾರೆ. ಎಲ್‌ಪಿಎಸ್ ಎಂದರೆ ದೊಡ್ಡ ಪಾಲಿಪ್‌ಗಳ ಕಲ್ಲುಹವಳ, ಎಸ್‌ಪಿಎಸ್ ಎಂದರೆ ಸಣ್ಣ ಪಾಲಿಪ್‌ಗಳದ್ದು. ಜೀವಶಾಸ್ತ್ರ ಈ ವಿಂಗಡಣೆಯನ್ನು ಒಪ್ಪುವುದಿಲ್ಲವಾದರೂ ಆಹಾರದ ಮಟ್ಟಿಗೆ ಇದು ಉಪಯುಕ್ತ.

ದೊಡ್ಡ ಪಾಲಿಪ್‌ನವು: ಅಕಾನ್ ಎಂದು ಮಾರುವ ಮೈಕ್ರೊಮುಸ್ಸಾ, ಬ್ಲಾಸ್ಟೊಮುಸ್ಸಾ, ಲೋಬೊಫಿಲ್ಲಿಯಾ, ಟ್ರ್ಯಾಕಿಫಿಲ್ಲಿಯಾ, ಡಂಕನ್, ಕ್ಯಾಂಡಿ ಕೇನ್, ತಟ್ಟೆಯಾಕಾರದ ಫಂಜಿಯಾ, ಟಾರ್ಚ್ ಮತ್ತು ಹ್ಯಾಮರ್ ಎಂದು ಕರೆಯುವ ಯೂಫಿಲ್ಲಿಯಾ ಬಳಗ. ಇವುಗಳ ಬಾಯಿ ಬರಿಗಣ್ಣಿಗೆ ಕಾಣುತ್ತದೆ ಅಥವಾ ಗ್ರಹಣಾಂಗಗಳ ನಡುವೆ ಹುಡುಕಿದರೆ ಸಿಗುತ್ತದೆ. ನೇರವಾಗಿ ಉಣಿಸಿದರೆ ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣುವುದು ಈ ಗುಂಪಿನಲ್ಲೇ.

ಸಣ್ಣ ಪಾಲಿಪ್‌ನವು: ಅಕ್ರೊಪೊರಾ, ಮೊಂಟಿಪೊರಾ, ಪೊಸಿಲ್ಲೊಪೊರಾ, ಸ್ಟೈಲೊಫೊರಾ, ಸೀರಿಯಾಟೊಪೊರಾ. ಪಾಲಿಪ್‌ಗಳು ಕೆಲವೇ ಮಿಲಿಮೀಟರು, ಹಲವು ಸಲ ಅದಕ್ಕೂ ಚಿಕ್ಕವು. ಒಂದೊಂದಕ್ಕೂ ಉಣಿಸುವುದು ಆಗದ ಮಾತು. ನೀರಿಗೆ ಸಣ್ಣ ಕಣಗಳನ್ನು ಬಿಟ್ಟು, ಅವು ಹಿಡಿದುಕೊಳ್ಳಲಿ ಎಂದು ಬಿಡಬೇಕು.

ಮೂರನೆಯ ಗುಂಪಿನಲ್ಲಿ ಪಾಚಿಯೇ ಇಲ್ಲದ ಹವಳಗಳಿವೆ. ಟ್ಯೂಬಾಸ್ಟ್ರಿಯಾ, ಅಂದರೆ ಕಿತ್ತಳೆ ಬಣ್ಣದ ಸೂರ್ಯ ಹವಳ, ಇದಕ್ಕೆ ಚಿರಪರಿಚಿತ ಉದಾಹರಣೆ. ಬೆಳಕಿನಿಂದ ಇದಕ್ಕೆ ಏನೂ ದಕ್ಕುವುದಿಲ್ಲ. ನೀವು ಹಾಕಿದ್ದಷ್ಟೇ ಅದರ ಊಟ. ಇದರ ಬಗ್ಗೆ ಕೊನೆಯಲ್ಲಿ ಪ್ರತ್ಯೇಕವಾಗಿ ಬರೆದಿದ್ದೇನೆ.

ಗೊನಿಯೊಪೊರಾವನ್ನು ಮಾತ್ರ ಎಚ್ಚರದಿಂದ ಗುರುತಿಸಿ. ನೋಡಲು ಹೂಗೊಂಚಲಿನಂತೆ ಉದ್ದನೆಯ ಪಾಲಿಪ್‌ಗಳಿರುವುದರಿಂದ ದೊಡ್ಡ ತುಂಡುಗಳನ್ನು ತಿನ್ನುತ್ತದೆ ಎಂದು ಭಾಸವಾಗುತ್ತದೆ. ಹತ್ತಿರದಿಂದ ನೋಡಿದರೆ ಪ್ರತಿ ಪಾಲಿಪ್‌ನ ತುದಿಯಲ್ಲಿ 24 ಗ್ರಹಣಾಂಗಗಳ ನಡುವೆ ಬಹಳ ಚಿಕ್ಕ ಬಾಯಿ ಇರುತ್ತದೆ. ಇದಕ್ಕೆ ನುಣ್ಣನೆಯ ಪುಡಿ ಆಹಾರವೇ ಸರಿ. ಸೀಗಡಿಯಂಥ ಮೈಸಿಸ್ ಜೀವಿಗಳನ್ನು ಹಾಕಿದರೆ ಪಾಲಿಪ್‌ಗಳ ನಡುವೆ ಸಿಕ್ಕಿಕೊಂಡು ಅಲ್ಲೇ ಕೊಳೆಯುತ್ತದೆ.

ಹಂತ 2. ಆಹಾರಕ್ಕೆ ಮೊದಲು ನೀರಿನ ಪರೀಕ್ಷೆ

ಟ್ಯಾಂಕಿಗೆ ಬಿದ್ದ ಆಹಾರ ಕೊನೆಗೆ ನೈಟ್ರೇಟ್ ಮತ್ತು ಫಾಸ್ಫೇಟ್ ಆಗಿ ಉಳಿಯುತ್ತದೆ. ಹವಳ ತಿಂದರೂ ಅಷ್ಟೇ, ತಿನ್ನದಿದ್ದರೂ ಅಷ್ಟೇ. ತಿಂದರೆ ಸ್ವಲ್ಪ ಭಾಗ ಅದರ ಮೈಗೆ ಸೇರುತ್ತದೆ ಎಂಬುದು ವ್ಯತ್ಯಾಸ. ಆದ್ದರಿಂದ ನಿಮ್ಮ ನೀರು ಇನ್ನೂ ಎಷ್ಟನ್ನು ತಾಳಿಕೊಳ್ಳಬಲ್ಲದು ಎಂದು ತಿಳಿಯದೆ ಆಹಾರದ ಪ್ಯಾಕೆಟ್ ತೆರೆಯಬೇಡಿ.

ಪಿಪಿಎಂ ಎಂದರೆ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ಸರಿಸುಮಾರು ಲೀಟರಿಗೆ ಒಂದು ಮಿಲಿಗ್ರಾಂ ಎಂದುಕೊಳ್ಳಿ. ನೈಟ್ರೇಟ್ 2ರಿಂದ 10 ಪಿಪಿಎಂ, ಫಾಸ್ಫೇಟ್ 0.02ರಿಂದ 0.1 ಪಿಪಿಎಂ ನಡುವೆ ಇದ್ದರೆ ಮಿಶ್ರ ರೀಫ್ ಟ್ಯಾಂಕಿಗೆ ನೆಮ್ಮದಿ. ದೊಡ್ಡ ಪಾಲಿಪ್‌ನವು ಇದಕ್ಕಿಂತ ತುಸು ಹೆಚ್ಚಿದ್ದರೂ ತಾಳಿಕೊಳ್ಳುತ್ತವೆ. ಉಳಿದಂತೆ ಕ್ಷಾರೀಯತೆ 7ರಿಂದ 9 ಡಿಕೆಎಚ್ (ಕ್ಷಾರೀಯತೆ ಅಳೆಯುವ ಮಾನ), ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಮೆಗ್ನೀಸಿಯಂ 1250ರಿಂದ 1400 ಪಿಪಿಎಂ, ಲವಣಾಂಶ ಸಾವಿರಕ್ಕೆ 35 ಭಾಗ, ಉಷ್ಣಾಂಶ 24ರಿಂದ 27 ಡಿಗ್ರಿ ಸೆಲ್ಸಿಯಸ್. ಕ್ಷಾರೀಯತೆ ಎಂದರೆ ಅಸ್ಥಿಪಂಜರ ಕಟ್ಟಲು ಬೇಕಾದ ಕಾರ್ಬೊನೇಟ್, ಬೈಕಾರ್ಬೊನೇಟ್ ನೀರಿನಲ್ಲಿ ಎಷ್ಟಿವೆ ಎಂಬುದರ ಅಳತೆ. ಹವಳ ಚೆನ್ನಾಗಿ ಉಂಡು ಬೆಳೆಯತೊಡಗಿದರೆ ಇದು ಬೇಗ ಇಳಿಯುತ್ತದೆ. ಆಹಾರ ಶುರುಮಾಡಿದ ತಿಂಗಳಲ್ಲಿ ಕ್ಷಾರೀಯತೆಯನ್ನು ಎಂದಿಗಿಂತ ಹೆಚ್ಚು ಸಲ ಅಳೆಯಿರಿ.

ಎಚ್ಚರಿಕೆ: ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಎಂದು ಹೆಮ್ಮೆಪಡುವವರಿದ್ದಾರೆ. ಸೊನ್ನೆ ಒಳ್ಳೆಯ ಅಂಕಿಯಲ್ಲ. ಅಂಥ ನೀರಿನಲ್ಲಿ ಹವಳ ಬಿಳುಚಿಕೊಳ್ಳುತ್ತದೆ, ಡೈನೊಫ್ಲ್ಯಾಜೆಲೇಟ್ ಎಂಬ ಕಂದು ಲೋಳೆಯ ಪಿಡುಗಿಗೆ ದಾರಿಯಾಗುತ್ತದೆ. ಜೊತೆಗೆ ಕ್ಷಾರೀಯತೆಯೂ ಏರಿದ್ದರೆ ಅಕ್ರೊಪೊರಾದ ತುದಿಗಳು ಸುಟ್ಟಂತೆ ಬೆಳ್ಳಗಾಗುತ್ತವೆ. ಅಂಥವರು ಆಹಾರವನ್ನು ಹೆಚ್ಚಿಸಬೇಕು. ನೈಟ್ರೇಟ್ ಆಗಲೇ 25 ದಾಟಿದೆ, ಗಾಜಿಗೆ ದಿನವೂ ಪಾಚಿ ಹಿಡಿಯುತ್ತಿದೆ ಎನ್ನುವವರು ಮೊದಲು ನೀರನ್ನು ಸರಿಪಡಿಸಿಕೊಳ್ಳಿ; ಹವಳ ಅಷ್ಟು ದಿನ ಕಾಯುತ್ತದೆ.

ಹಂತ 3. ಬೇಕಾದ ಸಾಮಗ್ರಿ

ಹೆಚ್ಚೇನೂ ಬೇಡ. ಉದ್ದನೆಯ ಗಟ್ಟಿ ಕೊಳವೆ ಜೋಡಿಸಿದ ಸಿರಿಂಜ್ ಅಥವಾ ರಬ್ಬರ್ ಬುರುಡೆಯ ದೊಡ್ಡ ಪಿಪೆಟ್, ಆಹಾರ ಕರಗಿಸಲು ಒಂದು ಚಿಕ್ಕ ಲೋಟ, ಸಣ್ಣ ಕಣ್ಣಿನ ಜರಡಿ, ಕೆಂಪು ಬೆಳಕಿನ ಟಾರ್ಚ್, ಉಳಿದದ್ದನ್ನು ಹೀರಿ ತೆಗೆಯಲು ತೆಳು ಕೊಳವೆ, ಗಡಿಯಾರ. ಕಳ್ಳತನ ಮಾಡುವ ಸೀಗಡಿ, ಮೀನು ಇದ್ದರೆ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ಗುಮ್ಮಟದಂಥ ಮುಚ್ಚಳ ಮಾಡಿಕೊಳ್ಳಿ. ಬಾಟಲಿ ಹೊಸದಾಗಿರಲಿ, ಸೋಪು ತಾಕದಿರಲಿ, ಕತ್ತರಿಸಿದ ಅಂಚು ಹವಳದ ಮೈ ಸೀಳದಂತೆ ಉಜ್ಜಿ ನಯಮಾಡಿ.

ಈ ಸಾಮಗ್ರಿಯನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಟ್ಯಾಂಕಿಗೆ ಕೈ ಹಾಕುವಾಗ ಕೈಗವಸು ಇರಲಿ: ಹವಳಗಳ ಕುಟುಕು ಕೋಶಗಳು ಚರ್ಮಕ್ಕೆ ಉರಿ ತರಬಹುದು, ಪಕ್ಕದಲ್ಲಿ ಝೊವಾಂಥಿಡ್ ಎಂಬ ಮೃದು ಜೀವಿಗಳಿದ್ದರೆ ಅವುಗಳಲ್ಲಿ ಕೆಲವು ತೀವ್ರ ವಿಷ ಹೊಂದಿರುತ್ತವೆ.

ಹಂತ 4. ಆಹಾರ ಆರಿಸಿ, ಸಿದ್ಧಮಾಡಿ

ಕಲ್ಲುಹವಳಗಳು ಮುಖ್ಯವಾಗಿ ಪ್ರಾಣಿಭಕ್ಷಕಗಳು. ಆಹಾರದ ಆಯ್ಕೆಯಲ್ಲಿ ಬ್ರಾಂಡ್‌ಗಿಂತ ಕಣದ ಗಾತ್ರ ದೊಡ್ಡದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ರೋಟಿಫರ್ ಎಂಬ ಸೂಕ್ಷ್ಮಜೀವಿ ಸುಮಾರು 100ರಿಂದ 300 ಮೈಕ್ರಾನ್. ಸಣ್ಣ ಪಾಲಿಪ್‌ಗಳಿಗೆ, ಗೊನಿಯೊಪೊರಾಕ್ಕೆ ಹಿಡಿಸುತ್ತದೆ. ಆಗಷ್ಟೇ ಮರಿಯಾದ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿ, ಸುಮಾರು 400ರಿಂದ 500 ಮೈಕ್ರಾನ್. ಬಹುಪಾಲು ಹವಳಗಳಿಗೆ ಒಗ್ಗುತ್ತದೆ. ಕೋಪೆಪಾಡ್ ಎಂಬ ಸಣ್ಣ ಕಠಿಣಚರ್ಮಿಗಳು ಜಾತಿಗೆ ತಕ್ಕಂತೆ ಒಂದೆರಡು ಮಿಲಿಮೀಟರಿನವರೆಗೂ ಇರುತ್ತವೆ. ಮೈಸಿಸ್ ಎಂಬ ಸೀಗಡಿಯಂಥ ಜೀವಿ ಹಲವು ಮಿಲಿಮೀಟರು ಉದ್ದ. ಅದು ದೊಡ್ಡ ಬಾಯಿಯವಕ್ಕೆ ಮಾತ್ರ.

ನೆಚ್ಚಬಹುದಾದ ಒಂದು ಅಳತೆಯಿದೆ: ತುಂಡು ಹವಳದ ಬಾಯಿಗಿಂತ ದೊಡ್ಡದಾಗಿರಬಾರದು. ಟ್ರ್ಯಾಕಿಫಿಲ್ಲಿಯಾ, ಫಂಜಿಯಾಗಳು ದೊಡ್ಡ ತುಂಡನ್ನೂ ಎಳೆದುಕೊಳ್ಳುತ್ತವೆ ನಿಜ. ಆದರೆ ಅದು ಜೀರ್ಣವಾಗುವ ಮೊದಲೇ ಒಳಗೆ ಕೆಡತೊಡಗಿದರೆ, ಹೊರಹಾಕಲು ಇರುವುದು ಅದೇ ಒಂದು ಬಾಯಿ. ಮರುದಿನ ಲೋಳೆ ಸುತ್ತಿದ ಅರ್ಧ ಕರಗಿದ ಉಂಡೆ ಹವಳದ ಮೇಲೆ ಕುಳಿತಿರುತ್ತದೆ, ಕೆಳಗಿನ ಅಂಗಾಂಶಕ್ಕೆ ಪೆಟ್ಟಾಗಿರುತ್ತದೆ. ಮೈಸಿಸ್ ದೊಡ್ಡದಿದ್ದರೆ ಕತ್ತರಿಸಿ.

ಹೆಪ್ಪುಗಟ್ಟಿದ ಆಹಾರವನ್ನು ಹೀಗೆ ಸಿದ್ಧಮಾಡಿ: ಬೇಕಾದಷ್ಟನ್ನೇ ಮುರಿದುಕೊಂಡು, ಟ್ಯಾಂಕಿನ ನೀರು ತುಂಬಿದ ಲೋಟದಲ್ಲಿ ಹತ್ತು ಹದಿನೈದು ನಿಮಿಷ ಕರಗಲು ಬಿಡಿ. ಜರಡಿಯಲ್ಲಿ ಸೋಸಿ, ಮೋಡಗಟ್ಟಿದ ನೀರನ್ನು ಚೆಲ್ಲಿ. ಆ ನೀರಿನಲ್ಲಿ ಕರಗಿದ ಫಾಸ್ಫೇಟ್ ಇರುತ್ತದೆ, ಹವಳಕ್ಕೆ ಅದರಿಂದ ಪ್ರಯೋಜನ ಕಡಿಮೆ. ಎರಡು ಚಮಚದಷ್ಟನ್ನು ಮಾತ್ರ ಬೇರೆ ತೆಗೆದಿಡಿ, ಹಂತ 5ರಲ್ಲಿ ಬೇಕು. ಉಳಿದ ತುಂಡುಗಳಿಗೆ ಹೊಸ ಟ್ಯಾಂಕ್ ನೀರು ಹಾಕಿ. ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಬಿಸಿನೀರಿನಲ್ಲಿ ಕರಗಿಸಬೇಡಿ. ಒಣಗಿಸಿದ ಆಹಾರವಾದರೆ ಪೂರ್ತಿ ನೆನೆಯುವವರೆಗೆ ಬಿಡಿ, ಇಲ್ಲದಿದ್ದರೆ ತೇಲಿ ಹೋಗುತ್ತದೆ.

ಜೀವಂತ ಆರ್ಟೀಮಿಯಾ ಮರಿಗಳನ್ನು ಮನೆಯಲ್ಲೇ ಮಾಡಿಕೊಳ್ಳುವುದು ಕಷ್ಟವಲ್ಲ, ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಆಹಾರ ಹವ್ಯಾಸಿಗೆ ಸುಲಭವಾಗಿ ಸಿಗದು. ಒಂದು ಲೀಟರ್ ನೀರಿಗೆ ಸುಮಾರು 25ರಿಂದ 30 ಗ್ರಾಂ ಸಮುದ್ರದ ಉಪ್ಪು, 26ರಿಂದ 28 ಡಿಗ್ರಿ ಉಷ್ಣಾಂಶ, ಅರ್ಧ ಚಮಚ ಮೊಟ್ಟೆ, ತಳದಿಂದ ಬಿರುಸಾಗಿ ಗಾಳಿಯ ಗುಳ್ಳೆ, ಮೇಲೊಂದು ದೀಪ. ಸುಮಾರು ಒಂದು ದಿನದಲ್ಲಿ ನೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕಿಳಿಯುತ್ತದೆ. ಬದಿಯಿಂದ ದೀಪ ಹಿಡಿದರೆ ಮರಿಗಳು ಬೆಳಕಿನತ್ತ ಗುಂಪುಗೂಡುತ್ತವೆ. ಆ ಗುಂಪನ್ನಷ್ಟೇ ತೆಳು ಕೊಳವೆಯಿಂದ ಹೀರಿಕೊಂಡು, ನುಣ್ಣನೆಯ ಬಟ್ಟೆಯಲ್ಲಿ ಸೋಸಿ, ತೊಳೆದು ಬಳಸಿ. ಚಿಪ್ಪು ಬೆರೆಯದಂತೆ ನೋಡಿಕೊಳ್ಳಿ, ಅದು ಜೀರ್ಣವಾಗುವುದಿಲ್ಲ. ಮರಿ ಹೊರಬಂದ ಮೊದಲ ಕೆಲವು ಗಂಟೆಗಳಲ್ಲಿ ಅದರ ಒಡಲಲ್ಲಿ ಮೊಟ್ಟೆಯ ಸತ್ವ ತುಂಬಿರುತ್ತದೆ. ಕಿತ್ತಳೆ ಬಣ್ಣ ಅದರದ್ದೇ. ತಡಮಾಡಿದಷ್ಟೂ ಆ ಸತ್ವವನ್ನು ಮರಿಯೇ ಕರಗಿಸಿಕೊಳ್ಳುತ್ತದೆ. ಆದ್ದರಿಂದ ಅದೇ ದಿನ ಹಾಕಿ.

ಬಾಟಲಿಯಲ್ಲಿ ಬರುವ ಅಮೈನೊ ಆಮ್ಲದ ದ್ರಾವಣಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ಹವಳಗಳು ಅವನ್ನು ನೀರಿನಿಂದ ನೇರವಾಗಿ ಹೀರಿಕೊಳ್ಳಬಲ್ಲವು. ಬ್ಯಾಕ್ಟೀರಿಯಾಗಳೂ ಹೀರಿಕೊಳ್ಳುತ್ತವೆ, ಅತಿಯಾದರೆ ನೀರು ಮಸುಕಾಗುತ್ತದೆ. ಬಳಸುವುದಾದರೆ ಲೇಬಲ್‌ನಲ್ಲಿ ಹೇಳಿದ್ದರ ಅರ್ಧದಿಂದ ಆರಂಭಿಸಿ. ಹಸಿರು ಸಸ್ಯ ಪ್ಲವಕದ ಬಾಟಲಿ ಕೋಪೆಪಾಡ್‌ಗಳಿಗೆ, ರೋಟಿಫರ್‌ಗಳಿಗೆ ಒಳ್ಳೆಯ ಆಹಾರ. ಕಲ್ಲುಹವಳದ ಮುಖ್ಯ ಊಟ ಅದೆಂದು ನಂಬಬೇಡಿ.

ಹಂತ 5. ಹೊತ್ತು ನೋಡಿ, ಪಂಪ್ ನಿಲ್ಲಿಸಿ

ಮುಖ್ಯ ದೀಪ ಆರಿದ ಒಂದು ಗಂಟೆಯ ನಂತರ ಕೆಂಪು ಟಾರ್ಚ್ ಹಿಡಿದು ನೋಡಿ. ಹಗಲಲ್ಲಿ ಮೆತ್ತೆಯಂತೆ ಉಬ್ಬಿಕೊಂಡಿದ್ದ ಅಕಾನ್‌ನ ಅಂಚಿನಿಂದ ಪಾರದರ್ಶಕ ಗ್ರಹಣಾಂಗಗಳು ಹೊರಬಂದಿರುತ್ತವೆ. ಅದೇ ಸರಿಯಾದ ಹೊತ್ತು. ಡಂಕನ್, ಟಾರ್ಚ್‌ಗಳಂಥವು ಹಗಲಲ್ಲೂ ತಿನ್ನುತ್ತವೆ, ಅವಕ್ಕೆ ಕಾಯಬೇಕಿಲ್ಲ.

ಮೀನುಗಳಿಗೆ ಮೊದಲು ಹೊಟ್ಟೆ ತುಂಬ ಹಾಕಿಬಿಡಿ. ನಂತರ ತೆಗೆದಿಟ್ಟ ಎರಡು ಚಮಚ ಸೋಸಿದ ನೀರನ್ನು ಹವಳಗಳ ಮೇಲೆ ಹರಿಯುವಂತೆ ಬಿಡಿ. ಆಹಾರದ ವಾಸನೆ ಹಿಡಿದು ಗ್ರಹಣಾಂಗಗಳು ಹೊರಬರಲು ಹತ್ತು ಹದಿನೈದು ನಿಮಿಷ ಸಾಕು. ಬಾರದಿದ್ದರೆ ಅಂದು ಬಿಟ್ಟುಬಿಡಿ. ಮುದುಡಿದ ಹವಳದ ಮೇಲೆ ಆಹಾರ ಸುರಿದರೆ ಅದು ತಿನ್ನುವುದಿಲ್ಲ.

ಈಗ ಪಂಪ್‌ಗಳು. ಅಲೆ ಎಬ್ಬಿಸುವ ವೇವ್‌ಮೇಕರ್, ಕೆಳಗಿನ ಸಂಪ್‌ನಿಂದ ನೀರು ಮೇಲೆತ್ತುವ ರಿಟರ್ನ್ ಪಂಪ್, ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಯುವಿ ದೀಪವಿದ್ದರೆ ಅದು, ಎಲ್ಲವನ್ನೂ ನಿಲ್ಲಿಸಿ. ನಿಲ್ಲಿಸಿದ ಕ್ಷಣವೇ ಗಡಿಯಾರಕ್ಕೆ 20 ನಿಮಿಷ ಇಡಿ.

ಇಲ್ಲಿ ಆಗುವ ತಪ್ಪುಗಳು ಮೀನುಗಳ ಜೀವಕ್ಕೇ ಕುತ್ತು ತರುತ್ತವೆ. ನೀರು ನಿಂತರೆ ಆಮ್ಲಜನಕ ಇಳಿಯುತ್ತದೆ, ರಾತ್ರಿಯಲ್ಲಿ ಇನ್ನೂ ಬೇಗ. ಪಂಪ್ ಹಾಕಲು ಮರೆತು ಮಲಗಿದರೆ ಬೆಳಗಾಗುವಷ್ಟರಲ್ಲಿ ಇಡೀ ಟ್ಯಾಂಕ್ ಹೋಗಿರಬಹುದು. ಗಡಿಯಾರವನ್ನೇ ನೆಚ್ಚಿ, ನೆನಪನ್ನಲ್ಲ. ಸಾಧ್ಯವಾದರೆ ತಾನಾಗಿಯೇ ಮರಳಿ ಚಾಲೂ ಆಗುವ ಟೈಮರ್ ಬಳಸಿ. ಇನ್ನೊಂದು: ರಿಟರ್ನ್ ಪಂಪ್ ನಿಂತಾಗ ಮೇಲಿನ ನೀರು ಸ್ವಲ್ಪ ಸಂಪ್‌ಗೆ ಇಳಿಯುತ್ತದೆ. ಅಷ್ಟು ನೀರಿಗೆ ಅಲ್ಲಿ ಜಾಗವಿದೆಯೇ ಎಂದು ಬೇರೊಂದು ದಿನ ಹಗಲಲ್ಲೇ ನಿಲ್ಲಿಸಿ ನೋಡಿಕೊಂಡಿರಿ. ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ.

ಹಂತ 6. ದೊಡ್ಡ ಪಾಲಿಪ್‌ಗಳಿಗೆ ಬಾಯಿಗೇ ಉಣಿಸಿ

ಸಿರಿಂಜ್‌ಗೆ ಸ್ವಲ್ಪವೇ ಆಹಾರ ಎಳೆದುಕೊಳ್ಳಿ. ಕೊಳವೆಯ ತುದಿಯನ್ನು ಪಾಲಿಪ್‌ನಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಹಿಡಿದು, ತುಂಡುಗಳು ತಾವಾಗಿ ಕೆಳಗಿಳಿಯುವಂತೆ ನಿಧಾನವಾಗಿ ಒತ್ತಿ. ಚಿಮ್ಮಿಸಿದರೆ ಹವಳ ಅಪಾಯವೆಂದು ತಿಳಿದು ಮುದುಡಿಕೊಳ್ಳುತ್ತದೆ. ಬಾಯಿಯೊಳಗೆ ತುರುಕುವುದಂತೂ ಕೂಡದು. ಅಂಗಾಂಶ ಬಲು ತೆಳು, ಅದರಡಿಯಲ್ಲೇ ಅಸ್ಥಿಪಂಜರದ ಹರಿತ ಅಂಚುಗಳಿವೆ.

ಆಮೇಲೆ ನೋಡುತ್ತ ಕುಳಿತುಕೊಳ್ಳಿ. ಮೈಸಿಸ್ ತಾಗಿದ ಗ್ರಹಣಾಂಗ ಅದಕ್ಕೆ ಅಂಟಿಕೊಳ್ಳುತ್ತದೆ. ಅದರ ಮೇಲಿನ ಕುಟುಕು ಕೋಶಗಳು ಆಗಲೇ ಕೆಲಸ ಮುಗಿಸಿರುತ್ತವೆ. ಪಕ್ಕದ ಎಳೆಗಳೂ ಬಾಗುತ್ತವೆ. ತುಂಡು ಲೋಳೆಯ ಮೇಲೆ ಜಾರುತ್ತ ನಡುವಿಗೆ ಸಾಗುತ್ತದೆ, ಗೆರೆಯಷ್ಟೇ ಇದ್ದ ಬಾಯಿ ಅಗಲವಾಗುತ್ತದೆ, ಕೊನೆಗೆ ಅಂಚಿನ ಅಂಗಾಂಶ ಮೇಲೆದ್ದು ಸಂಚಿಯ ಬಾಯಿ ಬಿಗಿದಂತೆ ಮುಚ್ಚಿಕೊಳ್ಳುತ್ತದೆ. ಅಕಾನ್‌ಗೆ ಇಷ್ಟಕ್ಕೆಲ್ಲ ಹತ್ತರಿಂದ ಇಪ್ಪತ್ತು ನಿಮಿಷ ಬೇಕು, ಟ್ರ್ಯಾಕಿಫಿಲ್ಲಿಯಾ ಇನ್ನೂ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಅಷ್ಟು ನಿಧಾನದ ಊಟ ಇದು. ಮುಚ್ಚಿಕೊಳ್ಳುವ ಮೊದಲೇ ಪಂಪ್ ಹಾಕಿದರೆ ಆಹಾರವೆಲ್ಲ ಕಲ್ಲಿನ ಸಂದಿಗೆ ಸೇರುತ್ತದೆ.

ಎಷ್ಟು ಹಾಕಬೇಕು? ಅಕಾನ್, ಬ್ಲಾಸ್ಟೊಮುಸ್ಸಾಗಳಲ್ಲಿ ಪ್ರತಿ ಬಾಯಿಗೆ ಒಂದು ಸಣ್ಣ ಮೈಸಿಸ್ ಅಥವಾ ಅದರ ತುಂಡು. ಟಾರ್ಚ್, ಹ್ಯಾಮರ್‌ಗಳಲ್ಲಿ ಪ್ರತಿ ತಲೆಗೆ ಒಂದೆರಡು. ದೊಡ್ಡ ಒಂಟಿ ಪಾಲಿಪ್‌ಗೆ ಮೂರು ನಾಲ್ಕು. ಒಂದು ಗೊಂಚಲಿನಲ್ಲಿ ಎಲ್ಲ ಬಾಯಿಗೂ ಉಣಿಸಲೇಬೇಕೆಂದಿಲ್ಲ. ಅಂಗಾಂಶ ಕೂಡಿಕೊಂಡಿರುವ ಪಾಲಿಪ್‌ಗಳು ಪೋಷಕಾಂಶವನ್ನು ಹಂಚಿಕೊಳ್ಳುತ್ತವೆ.

ಸ್ವಚ್ಛತೆಗೆಂದು ಸಾಕಿದ ಲೈಸ್ಮಾಟಾ ಸೀಗಡಿಗಳು ಇಲ್ಲಿ ದೊಡ್ಡ ತಲೆನೋವು. ಹವಳದ ಬಾಯಿಯೊಳಗೆ ಕಾಲು ಹಾಕಿ ಅರ್ಧ ನುಂಗಿದ ತುಂಡನ್ನು ಎಳೆದು ತೆಗೆಯುತ್ತವೆ. ಆಹಾರ ಹೋಗುವುದಕ್ಕಿಂತ ಆ ಎಳೆದಾಟದಲ್ಲಿ ಅಂಗಾಂಶ ಹರಿಯುವುದು ಹೆಚ್ಚಿನ ಹಾನಿ. ಸೀಗಡಿಗೆ ಟ್ಯಾಂಕಿನ ಇನ್ನೊಂದು ಮೂಲೆಯಲ್ಲಿ ದೊಡ್ಡ ತುಂಡೊಂದನ್ನು ಮೊದಲೇ ಕೊಡಿ, ಹವಳದ ಮೇಲೆ ಬಾಟಲಿಯ ಗುಮ್ಮಟ ಇಡಿ. ಗುಮ್ಮಟ ಗ್ರಹಣಾಂಗಗಳಿಗೆ ತಾಗದಷ್ಟು ದೊಡ್ಡದಿರಲಿ, 30 ನಿಮಿಷಕ್ಕಿಂತ ಹೆಚ್ಚು ಇಡಬೇಡಿ.

ಹಂತ 7. ಸಣ್ಣ ಪಾಲಿಪ್‌ಗಳಿಗೆ ನೀರಿನಲ್ಲಿ ಹರಡಿ

ಪುಡಿ ಆಹಾರ, ರೋಟಿಫರ್ ಅಥವಾ ಆರ್ಟೀಮಿಯಾ ಮರಿಗಳನ್ನು ಲೋಟದ ನೀರಿನಲ್ಲಿ ಚೆನ್ನಾಗಿ ಕಲಕಿ. ರಿಟರ್ನ್ ಪಂಪ್, ಸ್ಕಿಮ್ಮರ್ ನಿಂತಿರಲಿ. ವೇವ್‌ಮೇಕರ್ ಮಾತ್ರ ಅತಿ ನಿಧಾನದಲ್ಲಿ ಓಡಲಿ. ಪೂರ್ತಿ ನಿಂತ ನೀರಿನಲ್ಲಿ ಕಣಗಳು ತಳಕ್ಕೆ ಕೂರುತ್ತವೆ, ಹವಳದ ಬಳಿ ಹಾದುಹೋಗುವುದೇ ಇಲ್ಲ. ನೀರು ಹವಳದತ್ತ ಹರಿದುಬರುವ ಕಡೆಯಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿ. ಪ್ರಮಾಣ ತೀರ ಕಡಿಮೆಯಿರಲಿ: 100 ಲೀಟರಿಗೆ ಕಾಲು ಚಮಚಕ್ಕೂ ಬಹಳ ಕಡಿಮೆ ಪುಡಿ, ಚಿಟಿಕೆಯಷ್ಟು ಎನ್ನಬಹುದು. ನೀರು ಮಬ್ಬಾಗಿ ಕಂಡರೆ ಹೆಚ್ಚಾಯಿತು ಎಂದರ್ಥ.

ಬರೇ ಅಕ್ರೊಪೊರಾ ಸಾಕುವವರಿಗೆ ನನ್ನ ಸಲಹೆ, ಪುಡಿಯ ಡಬ್ಬಿಗಿಂತ ಮೊದಲು ಮೀನುಗಳ ಊಟ ಹೆಚ್ಚಿಸಿ. ದಿನಕ್ಕೊಮ್ಮೆ ಹಾಕುವುದನ್ನು ಸಣ್ಣ ಪಾಲಾಗಿ ಮೂರು ಸಲ ಹಾಕಿ. ಹವಳಕ್ಕೆ ದಿನವಿಡೀ ಏನಾದರೂ ಸಿಗುತ್ತಿರುತ್ತದೆ, ಕೊಳೆಯುವುದೂ ಕಡಿಮೆ.

ಹಂತ 8. ಪಂಪ್ ಮರಳಿ ಹಾಕಿ, ಉಳಿದದ್ದನ್ನು ತೆಗೆಯಿರಿ

20 ನಿಮಿಷ ಆದೊಡನೆ ರಿಟರ್ನ್ ಪಂಪ್ ಹಾಕಿ, ವೇವ್‌ಮೇಕರ್ ನಿಧಾನದಿಂದ ಏರಿಸಿ. ಸ್ಕಿಮ್ಮರ್ ಅನ್ನು ಒಂದು ಗಂಟೆ ತಡವಾಗಿ ಹಾಕಿದರೂ ನಡೆಯುತ್ತದೆ. ಆಹಾರದ ಎಣ್ಣೆಯಂಶದಿಂದ ಅದರ ನೊರೆ ಮೊದಲು ಕುಸಿಯಬಹುದು, ಇಲ್ಲವೇ ಉಕ್ಕಬಹುದು. ಬಟ್ಟಲು ಖಾಲಿ ಮಾಡಿಟ್ಟಿರಿ. ಯಾರೂ ಮುಟ್ಟದ ತುಂಡುಗಳು ಮರಳಿನ ಮೇಲೆ, ಹವಳದ ಬುಡದಲ್ಲಿ ಕಂಡರೆ ತೆಳು ಕೊಳವೆಯಿಂದ ಅಂದೇ ಹೀರಿ ತೆಗೆಯಿರಿ. "ನಾಳೆ ಏಡಿ ತಿನ್ನುತ್ತದೆ ಬಿಡಿ" ಎಂದು ಬಿಟ್ಟದ್ದೇ ಪಾಚಿಗೆ ಗೊಬ್ಬರವಾಗುತ್ತದೆ.

ಮರುದಿನ ಬೆಳಗ್ಗೆ ಒಮ್ಮೆ ನೋಡಿ. ಪಾಲಿಪ್ ಎಂದಿನಂತೆ ಉಬ್ಬಿಕೊಂಡಿದ್ದರೆ, ಬಾಯಿಯ ಬಳಿ ಕಂದು ಬಣ್ಣದ ಎಳೆಯಂಥ ತ್ಯಾಜ್ಯ ಕಂಡರೆ ಎಲ್ಲ ಸರಿಯಿದೆ. ಗುಲಾಬಿ ಬಣ್ಣ ಮಾಸದ ಮೈಸಿಸ್ ಹಾಗೆಯೇ ಹೊರಬಿದ್ದಿದ್ದರೆ ತುಂಡು ದೊಡ್ಡದಾಗಿತ್ತು, ಇಲ್ಲವೇ ಹವಳಕ್ಕೆ ಬೇರೇನೋ ತೊಂದರೆಯಿದೆ. ಮುಂದಿನ ಸಲ ಅರ್ಧದಷ್ಟು ಗಾತ್ರ ಹಾಕಿ ನೋಡಿ.

ಹಂತ 9. ವಾರದ ಲೆಕ್ಕ

ದೊಡ್ಡ ಪಾಲಿಪ್‌ಗಳಿಗೆ ವಾರಕ್ಕೆ ಒಂದು ಸಲದಿಂದ ಆರಂಭಿಸಿ, ನೀರು ತಾಳಿಕೊಂಡರೆ ಎರಡು ಸಲ. ಸಣ್ಣ ಪಾಲಿಪ್‌ಗಳಿಗೆ ವಾರಕ್ಕೆ ಒಂದೆರಡು ಸಲ, ಚಿಟಿಕೆ ಲೆಕ್ಕದಲ್ಲಿ. ನಾಲ್ಕು ವಾರ ಇದೇ ಪ್ರಮಾಣದಲ್ಲಿ ನಡೆಸಿ, ಪ್ರತಿ ವಾರ ಒಂದೇ ದಿನ, ಒಂದೇ ಹೊತ್ತಿನಲ್ಲಿ ನೈಟ್ರೇಟ್, ಫಾಸ್ಫೇಟ್ ಬರೆದಿಡಿ. ಅಂಕಿಗಳು ಏರುತ್ತಲೇ ಹೋದರೆ ಆಹಾರ ಇಳಿಸಿ ಅಥವಾ ನೀರು ಬದಲಾಯಿಸುವುದನ್ನು ಹೆಚ್ಚಿಸಿ. ಒಂದು ವಾರದ ಅಂಕಿ ನೋಡಿ ಗಾಬರಿಯಾಗಿ ಫಾಸ್ಫೇಟ್ ಹೀರುವ ರಾಸಾಯನಿಕವನ್ನು ಒಮ್ಮೆಲೇ ಸುರಿಯುವುದು ಬೇಡ. ಫಾಸ್ಫೇಟ್ ದಿಢೀರನೆ ಕುಸಿದರೆ ಏರಿದಾಗಿನದಕ್ಕಿಂತ ಹೆಚ್ಚು ಹವಳ ಹಾಳಾಗುತ್ತದೆ.

ಹಸಿದ ಹವಳದ ಗುರುತು ಹೇಳುತ್ತೇನೆ: ಮಾಂಸಲ ಭಾಗ ತೆಳುವಾಗಿ, ಅಸ್ಥಿಪಂಜರದ ಏಣುಗಳು ಚರ್ಮದಡಿ ಎದ್ದು ಕಾಣತೊಡಗುತ್ತವೆ. ಬಣ್ಣ ಮಾಸುವುದೊಂದನ್ನೇ ನೋಡಿ ಹಸಿವು ಎಂದುಕೊಳ್ಳಬೇಡಿ. ಬೆಳಕು ಅತಿಯಾದರೂ, ನೀರು ಬಿಸಿಯಾದರೂ ಹಾಗಾಗುತ್ತದೆ. ಹಾಗೆ ಬಿಳುಚಿದ ಹವಳಕ್ಕೆ ಕಾರಣ ಸರಿಪಡಿಸಿದ ಮೇಲೆ, ಆರ್ಟೀಮಿಯಾ ಮರಿಗಳಂಥ ಸಣ್ಣ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಟ್ಟರೆ ಚೇತರಿಕೆಗೆ ನೆರವಾಗುತ್ತದೆ. ಪಾಚಿಯಿಂದ ಬರುವ ಸಕ್ಕರೆ ನಿಂತಾಗ ಅದಕ್ಕೆ ಉಳಿದ ಆಸರೆ ಬಾಯಿಯೊಂದೇ.

ಹೊಸದಾಗಿ ತಂದ ಹವಳಕ್ಕೆ ಒಂದು ವಾರ ಏನೂ ಹಾಕಬೇಡಿ, ಪೂರ್ತಿ ಅರಳಲಿ. ಅಂಗಾಂಶ ಕಂದು ಲೋಳೆಯಾಗಿ ಕರಗುತ್ತಿದ್ದರೆ ಆಹಾರ ಕೂಡದು. ಅದು ಬೇಗ ಹರಡುವ ರೋಗ, ಮೊದಲು ಬೇರೆ ಟ್ಯಾಂಕಿಗೆ ಸ್ಥಳಾಂತರಿಸಿ.

ಸೂರ್ಯ ಹವಳ ಇದ್ದರೆ

ಇದನ್ನು ತರುವ ಮೊದಲು ವಾರಕ್ಕೆ ಕನಿಷ್ಠ ಮೂರು ನಾಲ್ಕು ದಿನ, ಸಾಧ್ಯವಾದರೆ ದಿನವೂ, ಅರ್ಧ ಗಂಟೆ ಕೊಡಬಲ್ಲಿರಾ ಎಂದು ಯೋಚಿಸಿ. ಆಗದಿದ್ದರೆ ತರಬೇಡಿ ಎಂದು ಕಡ್ಡಿ ಮುರಿದಂತೆ ಹೇಳುತ್ತೇನೆ. ಇದು ಹಸಿವಿನಿಂದ ಸಾಯುವುದು ತಿಂಗಳುಗಳ ಕಾಲ, ಪಾಲಿಪ್ ಪಾಲಿಪ್ ಆಗಿ.

ಹೊಸ ಸೂರ್ಯ ಹವಳ ಮುಚ್ಚಿಕೊಂಡೇ ಇರುತ್ತದೆ. ದಿನವೂ ಒಂದೇ ಹೊತ್ತಿಗೆ ಸೋಸಿದ ಆಹಾರದ ನೀರನ್ನು ಅದರ ಮೇಲೆ ಹನಿಸುತ್ತಿದ್ದರೆ ಕೆಲವು ದಿನಗಳಲ್ಲಿ ಒಂದೆರಡು ಪಾಲಿಪ್‌ಗಳು ತೆರೆಯುತ್ತವೆ; ಕ್ರಮೇಣ ಆ ಹೊತ್ತಿಗೆ ತಾವಾಗಿಯೇ ಅರಳಲು ಕಲಿಯುತ್ತವೆ. ಇಲ್ಲಿ ಪಾಲಿಪ್‌ಗಳ ನಡುವಿನ ಹಂಚಿಕೆಯನ್ನು ನೆಚ್ಚಿಕೊಳ್ಳಬೇಡಿ, ಪ್ರತಿ ಪಾಲಿಪ್‌ಗೂ ಬೇರೆಬೇರೆಯಾಗಿ ಮೈಸಿಸ್ ತುಂಡು ತಲುಪಿಸಿ. ಇಷ್ಟೊಂದು ಆಹಾರ ಚಿಕ್ಕ ಟ್ಯಾಂಕಿಗೆ ಭಾರ. ಹಲವರು ಹವಳವನ್ನು ನೀರಿನೊಳಗೇ ಟ್ಯಾಂಕ್ ನೀರಿನ ಬಟ್ಟಲಿಗೆ ದಾಟಿಸಿ, ಅಲ್ಲೇ ಉಣಿಸಿ, ಅರ್ಧ ಗಂಟೆಯ ನಂತರ ತೊಳೆದು ಮರಳಿ ಇಡುತ್ತಾರೆ. ಇದಕ್ಕಾಗಿ ಅದನ್ನು ಕಲ್ಲಿಗೆ ಅಂಟಿಸದೆ ಚಿಕ್ಕ ಬಿಲ್ಲೆಯ ಮೇಲೆ ಇಟ್ಟುಕೊಳ್ಳುವುದು ಅನುಕೂಲ. ಬಟ್ಟಲಿನ ನೀರು ತಣ್ಣಗಾಗಲು ಬಿಡಬೇಡಿ.

ಊರಿಗೆ ಹೋಗಬೇಕಾದಾಗ

ಇದನ್ನೂ ಬಹಳ ಜನ ಕೇಳುತ್ತಾರೆ. ಪಾಚಿಯಿರುವ ಕಲ್ಲುಹವಳಗಳು, ದೀಪ ಮತ್ತು ನೀರಿನ ಗುಣ ಸರಿಯಾಗಿದ್ದರೆ, ಎರಡು ವಾರ ನೇರ ಆಹಾರವಿಲ್ಲದೆ ಆರಾಮವಾಗಿ ಇರುತ್ತವೆ. ಆದ್ದರಿಂದ ಟ್ಯಾಂಕ್ ನೋಡಿಕೊಳ್ಳುವವರ ಕೈಗೆ ಹವಳದ ಆಹಾರವನ್ನು ಕೊಡಲೇಬೇಡಿ. ಮೀನಿನ ಆಹಾರವನ್ನು ದಿನದ ಲೆಕ್ಕದಲ್ಲಿ ಪೊಟ್ಟಣ ಕಟ್ಟಿಡಿ, ಉಳಿದ ಡಬ್ಬಿ ಎತ್ತಿಡಿ. ಹೊರಡುವ ಹಿಂದಿನ ದಿನ "ಹೊಟ್ಟೆ ತುಂಬ ತಿನ್ನಲಿ" ಎಂದು ಹೆಚ್ಚು ಹಾಕುವುದೂ ಬೇಡ, ಅದು ಕೊಳೆಯುವಾಗ ತೆಗೆಯಲು ನೀವು ಇರುವುದಿಲ್ಲ. ಸೂರ್ಯ ಹವಳಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ನಾಲ್ಕೈದು ದಿನಕ್ಕಿಂತ ಹೆಚ್ಚು ಹೋಗುವುದಾದರೆ ಉಣಿಸಲು ಬಲ್ಲ ಒಬ್ಬರಿಗೆ ಮೊದಲೇ ಎದುರಿಗೆ ಕೂರಿಸಿಕೊಂಡು ಒಂದೆರಡು ಸಲ ತೋರಿಸಿ, ಅವರ ಕೈಯಿಂದಲೇ ಮಾಡಿಸಿ ನೋಡಿ, ಪಂಪ್ ಮರಳಿ ಹಾಕಿದ ಮೇಲೆ ನಿಮಗೆ ಸಂದೇಶ ಕಳಿಸುವಂತೆ ಹೇಳಿ ಹೊರಡಿ.